ಟಿಪ್ಪಣಿ: ಇಯಾನ್ ಮೆಕ್‌ಲೆಲನ್ ಮತ್ತು ಪೈಪ್ ಮೇಜರ್ ಕೆಲಸ

ಪೈಪ್ ಬ್ಯಾಂಡ್ (ಚೀಲದ ಗಾಳಿಯಿಂದ ನುಡಿಯುವ ಬ್ಯಾಗ್‌ಪೈಪ್ ಮತ್ತು ಡ್ರಮ್‌ಗಳ ತಂಡ) ಬಗ್ಗೆ ಓದಲು ಶುರು ಮಾಡಿದಾಗ ನಾನು ಎಡವಿದ್ದು ಈ ಪದದಲ್ಲೇ. ಪೈಪ್ ಮೇಜರ್ ಅಂದರೆ ಸೇನೆಯ ಮೇಜರ್ ಅಲ್ಲ, ಬ್ಯಾಂಡಿನ ನಾಯಕ. ಕೈಯಲ್ಲಿ ಕಡ್ಡಿ ಹಿಡಿದು ಎದುರಿಗೆ ನಿಲ್ಲುವುದಿಲ್ಲ. ತಾವೂ ಬ್ಯಾಗ್‌ಪೈಪ್ ನುಡಿಸುತ್ತಲೇ ಉಳಿದವರನ್ನು ನಡೆಸಬೇಕು.

ಈ ಟಿಪ್ಪಣಿಗೆ ನಾನು ಆರಿಸಿಕೊಂಡಿದ್ದು ಗ್ಲಾಸ್ಗೋದ ಸ್ಟ್ರಾತ್‌ಕ್ಲೈಡ್ ಪೊಲೀಸ್ ಬ್ಯಾಂಡಿನ ಇಯಾನ್ ಮೆಕ್‌ಲೆಲನ್ ಅವರನ್ನು. ಕಾರಣ ಸುಲಭ. ಅವರ ನಾಯಕತ್ವದಲ್ಲಿ ಬ್ಯಾಂಡ್ 12 ಸಲ ವಿಶ್ವ ಚಾಂಪಿಯನ್ ಆಯಿತು: 1976, 1979, ಆಮೇಲೆ 1981ರಿಂದ 1986ರವರೆಗೆ ಸತತ ಆರು ವರ್ಷ, 1988ರಿಂದ 1991ರವರೆಗೆ ಮತ್ತೆ ನಾಲ್ಕು. ಅದಕ್ಕೂ ಮುಂಚೆ ಮ್ಯೂರ್‌ಹೆಡ್ ಅಂಡ್ ಸನ್ಸ್ ಬ್ಯಾಂಡ್ 1965ರಿಂದ 69ರವರೆಗೆ ಸತತ ಐದು ಗೆದ್ದಿತ್ತು. ಅದೇ ಆಗ ದೊಡ್ಡ ಮಾತು.

ಈಗ ವಾದ್ಯಕ್ಕೆ ಬರೋಣ, ಇದು ಗೊತ್ತಾಗದೆ ಆ ಸಂಖ್ಯೆಗಳಿಗೆ ಅರ್ಥವಿಲ್ಲ. ಸ್ಕಾಟಿಷ್ ಬ್ಯಾಗ್‌ಪೈಪಿನಲ್ಲಿ ಡ್ರೋನ್ ಅನ್ನುವ ಮೂರು ಕೊಳವೆ: ಎರಡು ಟೆನರ್, ಒಂದು ತಗ್ಗು ದನಿಯ ಬೇಸ್. ಇವು ನಮ್ಮ ತಂಬೂರಿಯ ಹಾಗೆ ಒಂದೇ ಶ್ರುತಿ ಹಿಡಿದು ಮೊರೆಯುತ್ತಲೇ ಇರುತ್ತವೆ. ರಾಗ ನುಡಿಸುವುದು ಚಾಂಟರ್, ಅಂದರೆ ಬೆರಳಾಡಿಸುವ ತೂತುಗಳಿರುವ ಕೊಳವೆ, ಅದರಲ್ಲಿ ಸಿಗುವುದು ಒಂಬತ್ತು ಸ್ವರ ಮಾತ್ರ. ಜೋರಾಗಿ, ಮೆಲ್ಲಗೆ ಅನ್ನುವ ವ್ಯತ್ಯಾಸ ಮಾಡಲು ಆಗುವುದಿಲ್ಲ, ನಡುವೆ ಒಂದು ಕ್ಷಣ ಸುಮ್ಮನಿರಲೂ ಆಗುವುದಿಲ್ಲ, ಚೀಲದಿಂದ ಗಾಳಿ ಹರಿಯುತ್ತಲೇ ಇರುತ್ತದಲ್ವಾ, ಹಾಗಾಗಿ ಒಂದೇ ಸ್ವರ ಎರಡು ಸಲ ಬಂದರೆ ಅದನ್ನು ಬೇರೆ ಮಾಡಿ ಕೇಳಿಸಲು ನಡುವೆ ಪುಟ್ಟದೊಂದು ಗ್ರೇಸ್ ನೋಟ್, ಅಂದರೆ ಕ್ಷಣಮಾತ್ರದ ಬೇರೊಂದು ಸ್ವರ, ಹಾಕಲೇಬೇಕು.

ಇಂಥ ಹತ್ತಾರು ಪೈಪುಗಳನ್ನು ಒಟ್ಟಿಗೆ ನಿಲ್ಲಿಸಿ ನೋಡಿ. ಒಂದರ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಇಡೀ ಬ್ಯಾಂಡ್ ನಡುಗಿದ ಹಾಗೆ ಕೇಳಿಸುತ್ತದೆ. ಕೊಳವೆಯೊಳಗೆ ಕಂಪಿಸಿ ನಾದ ಹೊರಡಿಸುವ ರೀಡ್ ಮಳೆಗೂ ಬಿಸಿಲಿಗೂ ಬದಲಾಗುವ ವಸ್ತು, ಸ್ಕಾಟ್‌ಲೆಂಡ್ ಬೇಸಿಗೆಯಲ್ಲಿ ಎರಡೂ ಅರ್ಧ ಗಂಟೆಯೊಳಗೇ ಬರಬಹುದು. ಮೈದಾನಕ್ಕೆ ಇಳಿಯುವ ಮೊದಲು ಪೈಪ್ ಮೇಜರ್ ಒಬ್ಬೊಬ್ಬರ ಬಳಿ ಹೋಗಿ ಕಿವಿಗೊಟ್ಟು ಕೇಳುತ್ತಾರೆ, ಚಾಂಟರ್ ತೂತಿನ ಮೇಲಿನ ಟೇಪನ್ನು ಚೂರು ಕೆಳಗೆ ಸರಿಸುತ್ತಾರೆ, ಡ್ರೋನನ್ನು ಚೂರು ಎಳೆಯುತ್ತಾರೆ. ನನಗೆ ಕೇಳಿದರೆ ಅರ್ಧ ಸ್ಪರ್ಧೆ ಅಲ್ಲೇ ಮುಗಿದಿರುತ್ತದೆ. ಸ್ಟ್ರಾತ್‌ಕ್ಲೈಡ್ ಹೆಸರಾಗಿದ್ದೂ ಈ ನಾದಕ್ಕೇ, ಬೆರಳಿನ ಚಮತ್ಕಾರಕ್ಕಿಂತ ಜಾಸ್ತಿ.

ಸ್ಪರ್ಧೆ ಶುರುವಾಗುವುದು ಡ್ರಮ್ ರೋಲ್‌ನಿಂದ. ನಡೆದುಕೊಂಡು ಬಂದು, ವೃತ್ತವಾಗಿ ಒಳಮುಖ ಮಾಡಿ ನಿಲ್ಲುತ್ತಾರೆ. ಮೊದಲ ದರ್ಜೆಯವರಿಗೆ ಎರಡು ಬಗೆ: ಒಂದು, ಮಾರ್ಚ್ (ನಡಿಗೆಯ ಟ್ಯೂನ್), ಸ್ಟ್ರಾತ್‌ಸ್ಪೇ ಮತ್ತು ರೀಲ್ (ಎರಡೂ ಸ್ಕಾಟಿಷ್ ಕುಣಿತದ ಟ್ಯೂನ್) ಈ ಮೂರರ ಗುಚ್ಛ. ಇನ್ನೊಂದು ಮೆಡ್ಲಿ, ಅದರಲ್ಲಿ ಬ್ಯಾಂಡ್ ತನಗೆ ಬೇಕಾದ ಹಾಗೆ ಟ್ಯೂನ್‌ಗಳನ್ನು ಹೆಣೆಯಬಹುದು. ಈಗಿನ ಪದ್ಧತಿಯಲ್ಲಿ ತೀರ್ಪುಗಾರರು ನಾಲ್ವರು. ಇಬ್ಬರು ಪೈಪಿಗೆ, ಒಬ್ಬರು ಡ್ರಮ್ಮಿಗೆ, ಇನ್ನೊಬ್ಬರು ಒಟ್ಟು ಮೇಳ ಹೇಗೆ ಕೂಡಿತು ಅನ್ನುವುದಕ್ಕೆ.

ಮೇಲಿನ ಪಟ್ಟಿಯಲ್ಲಿ 1987 ಇಲ್ಲ, ಗಮನಿಸಿದಿರಾ? ಆ ವರ್ಷ ಗೆದ್ದಿದ್ದು ಕೆನಡಾದ 78ನೇ ಫ್ರೇಸರ್ ಹೈಲ್ಯಾಂಡರ್ಸ್. ಸ್ಕಾಟ್‌ಲೆಂಡ್ ಹೊರಗಿನ ಬ್ಯಾಂಡೊಂದು ಮೊದಲ ದರ್ಜೆಯ ವಿಶ್ವ ಪಟ್ಟ ಗೆದ್ದಿದ್ದು ಅದೇ ಮೊದಲು. ಅದರ ಪೈಪ್ ಮೇಜರ್ ಬಿಲ್ ಲಿವಿಂಗ್‌ಸ್ಟನ್ ವೃತ್ತಿಯಲ್ಲಿ ವಕೀಲರು, ಒಂಟಿ ವಾದನದಲ್ಲೂ ದೊಡ್ಡ ಹೆಸರು. ಅವರ ಬ್ಯಾಂಡಿನ ಮೆಡ್ಲಿಗಳಲ್ಲಿ ಸಾಹಸ ಜಾಸ್ತಿ, ಹೊಸ ಜೋಡಣೆ, ಹೊಸ ಸ್ವರಮೇಳ. ಸ್ಟ್ರಾತ್‌ಕ್ಲೈಡ್ ದಾರಿ ಹಳೆಯದು: ಗೊತ್ತಿರುವ ಟ್ಯೂನನ್ನೇ ಒಂದು ಎಳೆಯೂ ಬಿಚ್ಚದ ಹಾಗೆ ನುಡಿಸುವುದು.

ಪರೀಕ್ಷೆಗೆ ಓದುವವರು ಇಲ್ಲಿ ಸುಮ್ನೆ "ಹೊಸತು ಹಳತನ್ನು ಸೋಲಿಸಿತು" ಅಂತ ಬರೆದುಬಿಡಬೇಡಿ. ಮರುವರ್ಷವೇ ಮೆಕ್‌ಲೆಲನ್ ಪಟ್ಟ ವಾಪಸ್ ತಂದರು, ನಾಲ್ಕು ವರ್ಷ ಬಿಟ್ಟುಕೊಡಲಿಲ್ಲ. 1992ರಲ್ಲಿ ಅದು ಉತ್ತರ ಐರ್ಲೆಂಡಿನ ಫೀಲ್ಡ್ ಮಾರ್ಷಲ್ ಮಾಂಟ್‌ಗೊಮರಿ ಬ್ಯಾಂಡಿಗೆ, ರಿಚರ್ಡ್ ಪಾರ್ಕ್ಸ್ ಕೈಗೆ ಹೋಯಿತು. ಪಾರ್ಕ್ಸ್ ಅವರನ್ನೂ ಜನ ಹೊಗಳುವುದು ಮೊದಲು ಶ್ರುತಿಗೇ.