ಜಪಾನಿ ಭಾಷೆಯಲ್ಲಿ ಒಂದು ಲಕ್ಷಕ್ಕೆ ಏನನ್ನುತ್ತಾರೆ?

ಪ್ರಶ್ನೆ: ಜಪಾನಿ ಕಲಿಯಲು ಶುರು ಮಾಡಿ ಕೆಲವು ತಿಂಗಳಾಯಿತು. ಸಾವಿರದವರೆಗೆ ಎಣಿಕೆ ಸಲೀಸಾಗಿ ಬರುತ್ತದೆ, ಅದರಾಚೆ ಬಾಯಿ ಕಟ್ಟುತ್ತದೆ. ಲಕ್ಷಕ್ಕೆ, ಕೋಟಿಗೆ ಪದ ಹುಡುಕಿದರೆ ಸಿಗುವುದಿಲ್ಲ. ಬರೆಯುವಾಗ ಮೂರು ಅಂಕಿಗೊಂದು ಕಾಮಾ ಇರುತ್ತದೆ, ಓದುವಾಗ ಲೆಕ್ಕವೇ ಬೇರೆ. ದೊಡ್ಡ ಸಂಖ್ಯೆ ಕೇಳಿದ ಕೂಡಲೇ ತಿಳಿಯಬೇಕಾದರೆ ಏನು ಮಾಡಬೇಕು?

ಉತ್ತರ: ಲಕ್ಷಕ್ಕೆ ಜಪಾನಿಯಲ್ಲಿ ಸ್ವಂತ ಹೆಸರಿಲ್ಲ. ಅದು 'ಜೂಮನ್', ಅಂದರೆ ಹತ್ತು ಮನ್. ಒಂದು ಮನ್ ಎಂದರೆ ಹತ್ತು ಸಾವಿರ. ತೊಡಕೆಲ್ಲ ಈ ಮನ್‌ನಲ್ಲೇ ಇದೆ, ಪರಿಹಾರವೂ ಅಲ್ಲೇ.

ನಾವು ಸಾವಿರ ದಾಟಿದ ಮೇಲೆ ಎರಡೆರಡು ಸೊನ್ನೆಗೆ ಹೊಸ ಹೆಸರು ಇಡುತ್ತೇವೆ: ಸಾವಿರ, ಲಕ್ಷ, ಕೋಟಿ. ಇಂಗ್ಲಿಷಿನವರು ಮೂರು ಮೂರಕ್ಕೆ. ಜಪಾನಿಗರು ನಾಲ್ಕು ನಾಲ್ಕಕ್ಕೆ: 4 ಸೊನ್ನೆಗೆ ಮನ್, 8 ಸೊನ್ನೆಗೆ ಒಕು, 12ಕ್ಕೆ ಚೋ, 16ಕ್ಕೆ ಕೇ. ಈ ಕ್ರಮ ಚೀನಾದಿಂದ ಬಂದದ್ದು, ಕೊರಿಯಾದಲ್ಲೂ ಇದೇ ನಡೆಯುತ್ತದೆ. ಹತ್ತು ಸಾವಿರಕ್ಕೆ ಒಂದೇ ಪದವೆಂಬುದು ನಮಗೂ ಪೂರ್ತಿ ಹೊಸದಲ್ಲ. ಸಂಸ್ಕೃತದ 'ಅಯುತ' ಅದೇ ಅಳತೆ, ನಮ್ಮ ದಿನಬಳಕೆಯಲ್ಲಿ ಉಳಿಯಲಿಲ್ಲ ಅಷ್ಟೆ.

ಕಲಿಯುವವರು ಸಾಮಾನ್ಯವಾಗಿ ಎಡವುವುದು ಇಲ್ಲಿ: ಪಠ್ಯಪುಸ್ತಕ ಇಂಗ್ಲಿಷಿನಲ್ಲಿರುವುದರಿಂದ ಲಕ್ಷವನ್ನು ಮೊದಲು ಮಿಲಿಯನ್‌ಗೆ ತಿರುಗಿಸಿ, ಅಲ್ಲಿಂದ ಮನ್‌ಗೆ ಇಳಿಯುತ್ತಾರೆ. ಎರಡು ಸಲ ಲೆಕ್ಕ, ಎರಡು ಸಲ ತಪ್ಪುವ ಅವಕಾಶ. ಮಿಲಿಯನ್ ಅನ್ನು ಮಧ್ಯೆ ತರಲೇಬೇಡಿ. ಲಕ್ಷವನ್ನು ಹತ್ತರಿಂದ ಗುಣಿಸಿದರೆ ಮನ್ ಸಿಗುತ್ತದೆ. ಕೋಟಿಯನ್ನು ಹತ್ತರಿಂದ ಭಾಗಿಸಿದರೆ ಒಕು. ಲಕ್ಷ ಕೋಟಿಗೆ ಗುಣಾಕಾರವೂ ಬೇಡ, ಭಾಗಾಕಾರವೂ ಬೇಡ, ಒಂದು ಲಕ್ಷ ಕೋಟಿ ಎಂದರೆ ಸರಿಯಾಗಿ ಒಂದು ಚೋ. ಹಾಗಾಗಿ 35 ಲಕ್ಷ 350 ಮನ್, 1 ಕೋಟಿ 1000 ಮನ್, 47 ಕೋಟಿ 4 ಒಕು 7000 ಮನ್. ಜಪಾನಿನ ವಾರ್ಷಿಕ ಬಜೆಟ್ 100 ಚೋ ಯೆನ್ ದಾಟಿದೆ ಎಂದು ಕೇಳಿದರೆ, ಅದು 100 ಲಕ್ಷ ಕೋಟಿ ಯೆನ್ ಎಂದು ನಿಮಗೆ ತಕ್ಷಣ ಹೊಳೆಯಬೇಕು.

ಈಗ ಒಂದು ಸಂಖ್ಯೆಯನ್ನು ಬಿಡಿಸಿ ನೋಡೋಣ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6,10,95,297. ಮೊದಲು ಕಾಮಾಗಳನ್ನೆಲ್ಲ ಅಳಿಸಿ: 61095297. ಬಲಗಡೆಯಿಂದ ನಾಲ್ಕು ಅಂಕಿ ಎಣಿಸಿ ಒಂದು ಗೆರೆ ಎಳೆಯಿರಿ: 6109 | 5297. ಗೆರೆ ಇರುವಲ್ಲಿ 'ಮನ್' ಎನ್ನಬೇಕು. ಎಡಗಡೆಯದನ್ನು ಸ್ವತಂತ್ರ ಸಂಖ್ಯೆಯೆಂಬಂತೆ ಓದಿ: ರೊಕುಸೆನ್ ಹ್ಯಕು ಕ್ಯೂ (ಆರು ಸಾವಿರ, ನೂರು, ಒಂಬತ್ತು). ಆಮೇಲೆ ಮನ್. ಆಮೇಲೆ ಬಲಗಡೆಯದು: ಗೊಸೆನ್ ನಿಹ್ಯಕು ಕ್ಯೂಜೂ ನನ. ನಡುವಿನ ಸೊನ್ನೆಗೆ ಮಾತಿಲ್ಲ. 'ಹ್ಯಕು'ವಿನ ಹಿಂದೆ ಒಂದು ಎಂಬ ಅರ್ಥದ 'ಇಚಿ' ಇಲ್ಲ ಎಂಬುದನ್ನೂ ಗಮನಿಸಿ.

ಇನ್ನೂ ದೊಡ್ಡದು ಬೇಕಾದರೆ, 2020ರ ಗಣತಿಯಲ್ಲಿ ಜಪಾನಿನ ಜನಸಂಖ್ಯೆ 12,61,46,099. ಗೆರೆ ಎಳೆದರೆ 1 | 2614 | 6099. ಇಚಿಒಕು, ನಿಸೆನ್ ರೊಪ್ಪ್ಯಕು ಜೂಯೊನ್ ಮನ್, ರೊಕುಸೆನ್ ಕ್ಯೂಜೂಕ್ಯೂ. ಎಷ್ಟೇ ದೊಡ್ಡ ಸಂಖ್ಯೆಯಾದರೂ ನೀವು ಓದುವುದು 9999ರೊಳಗಿನ ತುಂಡುಗಳನ್ನೇ. ನಾಲ್ಕಂಕಿ ಸಂಖ್ಯೆ ಬಾಯಲ್ಲಿ ನಿಂತವರಿಗೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ.

'ಇಚಿ' ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ಎಲ್ಲರನ್ನೂ ಕಾಡುತ್ತದೆ. 10, 100ಕ್ಕೆ ಬೇಡ: ಜೂ, ಹ್ಯಕು. 1000 ಬರೀ 'ಸೆನ್'. ಆದರೆ ಹತ್ತು ಸಾವಿರಕ್ಕೆ ಬರೀ 'ಮನ್' ಎನ್ನುವಂತಿಲ್ಲ, 'ಇಚಿಮನ್' ಎನ್ನಲೇಬೇಕು. ಒಕು, ಚೋಗಳಿಗೂ ಹಾಗೆಯೇ. ನಮ್ಮ ಒಂದು ಕೋಟಿ 'ಇಸ್ಸೆನ್‌ಮನ್', ಅಲ್ಲಿ ಮನ್‌ನ ಹಿಂದಿನ ಸೆನ್‌ಗೂ ಒಂದು ಸೇರಿಕೊಳ್ಳುತ್ತದೆ. 'ಹತ್ತು ಸಾವಿರ'ವನ್ನು ಪದಕ್ಕೆ ಪದವಿಟ್ಟು 'ಜೂಸೆನ್' ಎಂದರೆ ಕೇಳುವವರು ತಬ್ಬಿಬ್ಬಾಗುತ್ತಾರೆ, ಅಂಥ ಸಂಖ್ಯೆಯೇ ಆ ಭಾಷೆಯಲ್ಲಿಲ್ಲ. ನಾಲ್ಕಕ್ಕೆ 'ಶಿ', ಏಳಕ್ಕೆ 'ಶಿಚಿ', ಒಂಬತ್ತಕ್ಕೆ 'ಕು' ಎಂದು ಕಲಿತಿದ್ದರೆ ದೊಡ್ಡ ಸಂಖ್ಯೆಗಳಲ್ಲಿ ಅವನ್ನು ಬಿಟ್ಟುಬಿಡಿ. ಅಲ್ಲಿ ಯೊನ್, ನನ, ಕ್ಯೂ ಎಂಬ ರೂಪಗಳೇ ಸರಿ. 'ಶಿಚಿ' ಅವಸರದಲ್ಲಿ 'ಇಚಿ' ಎಂದು ಕೇಳಿಸಿದರೆ ಏಳು ಹೋಗಿ ಒಂದಾಗುತ್ತದೆ.

ಇನ್ನು ಉಚ್ಚಾರ. 300 ಸಂಬ್ಯಕು, 600 ರೊಪ್ಪ್ಯಕು, 800 ಹಪ್ಪ್ಯಕು. 3000 ಸಂಝೆನ್, 8000 ಹಸ್ಸೆನ್. ಇವನ್ನು ಅಪವಾದಗಳ ಪಟ್ಟಿ ಎಂದು ಉರು ಹೊಡೆಸುತ್ತಾರೆ. ಕನ್ನಡದವರಿಗೆ ಆ ಕಷ್ಟ ಬೇಕಿಲ್ಲ. ಹನಿ ಎಂಬುದು ಹಳಗನ್ನಡದಲ್ಲಿ ಪನಿ. ಬಿಡಿಯಾಗಿ ನಿಂತಾಗ ಪಕಾರ ಹಕಾರವಾಯಿತು, ಆದರೆ ಕಣ್ಣಿನ ಜೊತೆ ಸೇರಿದ ಪನಿ ಹಕಾರವಾಗದೆ, ಬಕಾರ ಪಡೆದು 'ಕಂಬನಿ'ಯಾಗಿ ಉಳಿಯಿತು. ಜಪಾನಿಯಲ್ಲೂ ಈಗಿನ ಹಕಾರ ಹಿಂದೆ ಪಕಾರವಾಗಿತ್ತು. ಹ್ಯಕು ಬಿಡಿಯಾಗಿದ್ದಾಗ ಹಕಾರ, 'ಸನ್' ಹಿಂದೆ ಬಂದರೆ ಕಂಬನಿಯಂತೆಯೇ ಸಂಬ್ಯಕು. ಆರು, ಎಂಟರ ಜೊತೆ ಆ ಹಳೆಯ ಪಕಾರ ಒತ್ತಕ್ಷರವಾಗಿ ಎದ್ದು ಕಾಣುತ್ತದೆ. ಎರಡು ನೂರನ್ನು ಇನ್ನೂರು, ಮೂರು ನೂರನ್ನು ಮುನ್ನೂರು ಎನ್ನುವ ನಾಲಿಗೆಗೆ ಇದು ಅಪರಿಚಿತವಲ್ಲ. ಒತ್ತನ್ನು ಮಾತ್ರ ನುಂಗಬೇಡಿ, ಹ್ರಸ್ವ ದೀರ್ಘಗಳನ್ನು ಅದಲುಬದಲು ಮಾಡಬೇಡಿ: ಒಕು ಹ್ರಸ್ವ, ಜೂ, ಕ್ಯೂ, ಚೋ ದೀರ್ಘ. ಮನ್ ಮತ್ತು ಒಕು ಯಾವ ಅಂಕಿಯ ಜೊತೆಗೂ ಬದಲಾಗುವುದಿಲ್ಲ. ಚೋ ಮಾತ್ರ ಒಂದರ ಜೊತೆ ಇಚ್ಚೋ, ಎಂಟರ ಜೊತೆ ಹಚ್ಚೋ, ಹತ್ತರ ಜೊತೆ ಜುಚ್ಚೋ ಆಗುತ್ತದೆ.

ಕಾಮಾದ ಗೊಂದಲಕ್ಕೆ ಬರೋಣ. ಜಪಾನಿಗರು ಬರೆಯುವಾಗ ಪಾಶ್ಚಾತ್ಯರಂತೆ ಮೂರಕ್ಕೊಂದು ಕಾಮಾ ಹಾಕಿ, ಓದುವಾಗ ನಾಲ್ಕಕ್ಕೆ ಗುಂಪು ಮಾಡುತ್ತಾರೆ. ಪತ್ರಿಕೆಗಳಲ್ಲಿ ಅಂಕಿಗಳ ನಡುವೆ ಮನ್, ಒಕು ಅಕ್ಷರಗಳನ್ನೇ ಕೂರಿಸುವುದರಿಂದ ತೊಂದರೆಯಿಲ್ಲ. ಬಿಲ್ಲು, ಸಂಬಳದ ಚೀಟಿ, ಲೆಕ್ಕಪತ್ರಗಳಲ್ಲಿ ಆ ಸಹಾಯ ಸಿಗುವುದಿಲ್ಲ. ಅಲ್ಲಿ ಲೆಕ್ಕಿಗರು ಬಳಸುವ ಉಪಾಯವೇ ಒಳ್ಳೆಯದು: ಬಲದಿಂದ ಮೊದಲ ಕಾಮಾದ ಎಡಕ್ಕಿರುವ ಅಂಕಿ ಸೆನ್ ಸ್ಥಾನ, ಎರಡನೆಯದರ ಎಡಕ್ಕೆ ಹ್ಯಕುಮನ್, ಮೂರನೆಯದಕ್ಕೆ ಜೂಒಕು, ನಾಲ್ಕನೆಯದಕ್ಕೆ ಇಚ್ಚೋ. ನಮ್ಮ ಲೆಕ್ಕದಲ್ಲಿ ಇವು ಸಾವಿರ, ಹತ್ತು ಲಕ್ಷ, ನೂರು ಕೋಟಿ, ಲಕ್ಷ ಕೋಟಿ. ಈ ನಾಲ್ಕನ್ನು ಒಂದೇ ಉಸಿರಿನಲ್ಲಿ ಹೇಳುವಷ್ಟು ಅಭ್ಯಾಸ ಮಾಡಿ. ಚೀಟಿಯಲ್ಲಿ 250,000 ಯೆನ್ ಕಂಡರೆ ಎರಡೂವರೆ ಲಕ್ಷ, ಹತ್ತರಿಂದ ಗುಣಿಸಿದರೆ 25 ಮನ್, 'ನಿಜೂಗೊಮನ್ ಎನ್' ('ಎನ್' ಎಂಬುದು ಯೆನ್‌ನ ಜಪಾನಿ ಉಚ್ಚಾರ).

ಕಂಪನಿಗಳ ಲೆಕ್ಕಪತ್ರದಲ್ಲಿ ಇನ್ನೊಂದು ಬಲೆ ಇದೆ. ಕೋಷ್ಟಕದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ 'ಘಟಕ: ಹ್ಯಕುಮನ್ ಎನ್' ಎಂದಿರುತ್ತದೆ, ಅಂದರೆ ಪ್ರತಿ ಅಂಕಿಯೂ ಹತ್ತು ಲಕ್ಷ ಯೆನ್ ಲೆಕ್ಕದಲ್ಲಿದೆ. ಅದನ್ನು ನೋಡದೆ 1,250 ಎಂಬುದನ್ನು ಸಾವಿರದ ಇನ್ನೂರೈವತ್ತು ಎಂದು ಓದಿದರೆ ಗತಿಯೇನು? ಅದು 12 ಒಕು 5000 ಮನ್, ನಮ್ಮ 125 ಕೋಟಿ.

ಹತ್ತು ಸಾವಿರ ಯೆನ್ನಿನ ನೋಟು ಕೈಗೆ ಬಂದಾಗ ಅದರ ಮೇಲಿನ 'ಇಚಿಮನ್' ಬರಹವನ್ನು ಹತ್ತಿರದಿಂದ ನೋಡಿ. 2024ರ ಜುಲೈನಲ್ಲಿ ಬಂದ ಹೊಸ ನೋಟಾದರೆ ಉದ್ಯಮಿ ಶಿಬುಸಾವಾ ಎಯಿಚಿ ಅವರ ಮುಖವಿರುತ್ತದೆ. ಅಲ್ಲಿನ ಒಂದು, ನೀವು ಕಲಿತ ಒಂದರಂತಿಲ್ಲ. ಸಾಮಾನ್ಯ ಒಂದಕ್ಕೆ ಒಂದೇ ಅಡ್ಡಗೆರೆ, ಇನ್ನೊಂದು ಗೀಚಿದರೆ ಎರಡು, ಮತ್ತೊಂದಕ್ಕೆ ಮೂರು. ಹಾಗೆ ತಿದ್ದಲು ಆಗದಂತೆ ಹಣದ ವಿಷಯದಲ್ಲಿ ಹಲವು ಗೆರೆಗಳ ಜಟಿಲ ಅಕ್ಷರ ಬಳಸುತ್ತಾರೆ.

ನಿತ್ಯದ ಬಳಕೆಗೆ ಚೋ ಸಾಕು. ಮುಂದಿನ 'ಕೇ' ಹೆಸರನ್ನು ಕೋಬೆ ನಗರದ ಸೂಪರ್‌ಕಂಪ್ಯೂಟರ್ ಒಂದಕ್ಕೆ ಇಟ್ಟಿದ್ದರು, ಸೆಕೆಂಡಿಗೆ ಒಂದು ಕೇ ಲೆಕ್ಕ ಮಾಡುವ ಗುರಿಯಿಂದ. ಅದನ್ನೂ ದಾಟಿ, ನಾಲ್ಕು ನಾಲ್ಕು ಸೊನ್ನೆಗಳ ಮೆಟ್ಟಿಲು ಹತ್ತುತ್ತ ಹೋದರೆ 52 ಸೊನ್ನೆಗೆ 'ಗೋಗಶ' ಬರುತ್ತದೆ. ಬೌದ್ಧ ಸೂತ್ರಗಳ ಮೂಲಕ ಚೀನಾ ಸೇರಿ ಜಪಾನಿಗೆ ಹೋದ ಆ ಪದದ ಅರ್ಥ ಗಂಗಾನದಿಯ ಮರಳು. 56 ಸೊನ್ನೆಗೆ 'ಅಸೋಗಿ', ನಮ್ಮ ಅಸಂಖ್ಯದ ಬಳಗದ ಪದ. 60ಕ್ಕೆ 'ನಯುತ', ಅದು ಉಚ್ಚಾರದಲ್ಲೂ ಸಂಸ್ಕೃತದ್ದೇ.