ಹಿತ್ತಲು ಹೋಯಿತು, ಕನ್ಸರ್ವೆನ್ಸಿ ಉಳಿಯಿತು

ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಹನ್ನೊಂದು ಮನೆಯವರು ಸೇರಿ ಮಾಡಿದ ತೋಟವಿದೆ, ಅದರಲ್ಲೊಂದು ಬಸಳೆ ಚಪ್ಪರ. ನಾಲ್ಕು ಹಳೆಯ ಕಬ್ಬಿಣದ ಪೈಪು, ಮೇಲೆ ಬಿದಿರಿನ ಗಳ, ಅದಕ್ಕೆ ಸುತ್ತಿದ ಸೆಣಬಿನ ಹುರಿ. ಚಪ್ಪರದ ಒಂದು ಕಾಲಿಗೆ ನೂರು ಪುಟದ ನೋಟ್‌ಬುಕ್ ತೂಗುಹಾಕಿದ್ದೇವೆ. ಯಾರ ಸರದಿ ಯಾವತ್ತು, ಯಾರು ಏನು ಕಿತ್ತರು ಎಂಬುದೆಲ್ಲ ಅದರಲ್ಲಿರುತ್ತದೆ. ‘ರಾತ್ರಿ ಮಳೆ ಬಂದಿದೆ, ನೀರು ಬೇಡ’ ಎಂದು ಒಬ್ಬರ ದುಂಡಗಿನ ಅಕ್ಷರ. ಅದರ ಕೆಳಗೆ ಮಹಡಿ ಮನೆಯ ಬಾಡಿಗೆ ಹುಡುಗನ ಗೀಚು: ‘ದಂಟು ಎರಡು ಕಟ್ಟು. ಒಂದು ಹಿಂದಿನ ಮನೆಯ ಅಜ್ಜಿಗೆ.’

ಆ ಅಜ್ಜಿಯ ಬಚ್ಚಲ ಗೋಡೆಗೂ ನಮ್ಮ ಬಚ್ಚಲ ಗೋಡೆಗೂ ನಡುವೆ ಹತ್ತಡಿ ಅಂತರವಿಲ್ಲ. ಆದರೆ ಅವರ ಬಾಗಿಲು ಆ ರಸ್ತೆಗೆ, ನಮ್ಮದು ಈ ರಸ್ತೆಗೆ. ಇಪ್ಪತ್ತೆರಡು ವರ್ಷ ನಮಗೆ ಅವರ ಹೆಸರೇ ಗೊತ್ತಿರಲಿಲ್ಲ. ಬಸಳೆ ಬಳ್ಳಿಯ ಒಂದು ತುಂಡು ಕೇಳಲು ಬಂದಾಗಲೇ ಪರಿಚಯವಾದದ್ದು.

ಈ ಹತ್ತಡಿಗೆ ದೊಡ್ಡ ಚರಿತ್ರೆಯಿದೆ. 1890ರ ದಶಕದ ಕೊನೆಯಲ್ಲಿ ಪ್ಲೇಗು ಮೈಸೂರು ಸಂಸ್ಥಾನದ ಊರುಗಳನ್ನು ಹಿಂಡಿತು. ಗಾಳಿ ಬೆಳಕಿಲ್ಲದ ಕಿಕ್ಕಿರಿದ ಕೇರಿಗಳೇ ರೋಗದ ತವರು ಎಂದು ಆಡಳಿತಕ್ಕೆ ಮನವರಿಕೆಯಾಯಿತು. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿತು. ದೇಶದಲ್ಲೇ ಮೊದಲ ಸಾಲಿನ ಇಂಥ ಮಂಡಳಿಗಳಲ್ಲಿ ಅದೂ ಒಂದು. ಅಗಲ ರಸ್ತೆ, ಚೌಕ ಚೌಕವಾದ ನಿವೇಶನ, ಎರಡು ಸಾಲು ಮನೆಗಳ ಬೆನ್ನಿನ ನಡುವೆ ಕಿರಿದಾದ ಓಣಿ: ಹಳೆಯ ಬಡಾವಣೆಗಳ ನಕ್ಷೆಯೇ ಹೀಗೆ. ಆ ಓಣಿಯೇ ಕನ್ಸರ್ವೆನ್ಸಿ.

ಅದು ಯಾರಿಗಾಗಿ ಆದದ್ದು ಎಂಬುದನ್ನು ಮರೆಮಾಚಿ ತೋಟದ ಸೊಗಸನ್ನಷ್ಟೇ ಹೇಳುವುದು ನನ್ನಿಂದಾಗದು. ಒಣ ಕಕ್ಕಸಿನ ಮಲವನ್ನು ಬಾಚಿ, ತಲೆಯ ಮೇಲೆ ಹೊತ್ತು ಸಾಗಿಸುತ್ತಿದ್ದವರು ಮುಂಬಾಗಿಲ ಕಡೆ ಕಾಣಿಸಿಕೊಳ್ಳಬಾರದೆಂದೇ ಅವರಿಗೆ ಹಿಂದಿನ ದಾರಿ ಕೊಡಲಾಗಿತ್ತು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಅವರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಒಳಚರಂಡಿ ಬಂದ ಮೇಲೆ ಓಣಿಗೆ ಕೆಲಸವೇ ಇಲ್ಲದಾಯಿತು. ಮನೆಯ ಕಸ, ಕಟ್ಟಡದ ಅವಶೇಷ, ಪಾರ್ಥೇನಿಯಂ ಅಲ್ಲಿ ತುಂಬಿಕೊಂಡವು. ನಮ್ಮ ಓಣಿಯನ್ನು ಈಗ ಗುಡಿಸುವ ಪೌರಕಾರ್ಮಿಕ ಮಹಿಳೆ ಒಂದು ದಿನ ಕೇಳಿದರು: ‘ಗೊಬ್ಬರದ ಗುಂಡಿಗೆ ಎಲೆ ತಂದು ಹಾಕುವವಳು ನಾನು, ಪುಸ್ತಕದಲ್ಲಿ ನನ್ನ ಹೆಸರೇಕಿಲ್ಲ?’ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಆ ವಾರದಿಂದ ಅವರಿಗೂ ಸೊಪ್ಪಿನ ಪಾಲಿದೆ. ಅದನ್ನು ಮೊದಲ ದಿನವೇ ಮಾಡಬೇಕಿತ್ತು.

ಓಣಿ ಪಾಳು ಬಿದ್ದ ಕಾಲದಲ್ಲೇ ಹಿತ್ತಲುಗಳೂ ಮಾಯವಾದವು. ಹಿತ್ತಲೆಂದರೆ ತೆಂಗು, ಕರಿಬೇವು, ನುಗ್ಗೆ, ದೊಡ್ಡಪತ್ರೆ, ಬಚ್ಚಲ ನೀರು ಹರಿಯುವ ಕಡೆ ಬಾಳೆ. ನುಗ್ಗೆ ಬಿಟ್ಟರೆ ಒಂದು ಮನೆಯವರು ತಿಂದು ಮುಗಿಯುವುದಿಲ್ಲ. ಹಂಚಲೇಬೇಕು. ನೆರೆಹೊರೆಯ ಮಾತು ಬೆಳೆಯುತ್ತಿದ್ದುದು ಆ ಹಂಚುವಿಕೆಯಲ್ಲಿ. ಊರೂ ತನ್ನ ಹೊಟ್ಟೆಗೆ ಬೇಕಾದುದನ್ನು ತಾನೇ ಬೆಳೆಯುತ್ತಿತ್ತು. ಈರನಗೆರೆ ಇಂದು ಊರೊಳಗಿನ ಬಡಾವಣೆ, ಆದರೆ ಈರನಗೆರೆ ಬದನೆಕಾಯಿ ಎಂದರೆ ಮೈಸೂರಿನ ಹಿರಿಯರ ಬಾಯಲ್ಲಿ ಈಗಲೂ ನೀರೂರುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿದ ಕುಕ್ಕರಹಳ್ಳಿ ಕೆರೆಯ ನೀರು ಮೊದಲು ಹರಿದದ್ದು ಹೊಲಗಳಿಗೆ. ಜಾಗದ ಬೆಲೆ ಏರಿದಂತೆ ಹಿತ್ತಲಿನಲ್ಲಿ ಬಾಡಿಗೆ ಮನೆಗಳು ಎದ್ದವು. ಇನ್ನು 20x30 ಅಡಿಯ ಹೊಸ ನಿವೇಶನದಲ್ಲಿ ಒಟ್ಟು ಇರುವುದೇ 600 ಚದರಡಿ. ಮನೆ ಕಟ್ಟಿ, ಸ್ಕೂಟರ್ ನಿಲ್ಲಿಸಿದರೆ ತುಳಸಿ ಕಟ್ಟೆಗೂ ಜಾಗ ಸಾಲದು.

ಬೇರೆ ದೇಶಗಳಲ್ಲೂ ಜನರು ಸೇರಿ ತೋಟ ಮಾಡಿದ್ದು ಇಕ್ಕಟ್ಟಿನ ಕಾಲದಲ್ಲೇ. ಇಂಗ್ಲೆಂಡಿನಲ್ಲಿ ಬಡವರಿಗೆ ತರಕಾರಿ ಬೆಳೆಯಲು ತುಂಡು ನೆಲ ಒದಗಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿದ ಕಾನೂನು 1908ರದು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಸುಮಾರು ಎರಡು ಕೋಟಿ ಕೈತೋಟಗಳಿದ್ದವೆಂಬ ಅಂದಾಜಿದೆ. 1973ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್‌ನಲ್ಲಿ ಲಿಜ್ ಕ್ರಿಸ್ಟಿ ಎಂಬಾಕೆ ಗೆಳೆಯರೊಂದಿಗೆ ಕಸ ತುಂಬಿದ ಖಾಲಿ ನಿವೇಶನವೊಂದನ್ನು ಹಸನು ಮಾಡಿದರು. ಆ ತೋಟ ಇಂದೂ ಇದೆ.

ನಮ್ಮಲ್ಲಿ ಜಾಗದ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣ. ಪಾರ್ಕ್, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆ ಕರ್ನಾಟಕದಲ್ಲಿ 1985ರ ಕಾಯ್ದೆಯಿದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಕೊಟ್ಟದ್ದು ತಪ್ಪೆಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಯಲು ಜಾಗದ ವಿಷಯದಲ್ಲಿ ಅಕ್ಕಪಕ್ಕದವರಿಗೂ ಹಕ್ಕಿನ ಮಾತಿದೆ ಎಂಬ ಧೈರ್ಯ ಬಂದದ್ದು ಆ ತೀರ್ಪಿನಿಂದ. ಹಾಗೆಂದು ಸಾರ್ವಜನಿಕ ಜಾಗ ಬೆಳೆಸಿದವರ ಸ್ವತ್ತಾಗುವುದಿಲ್ಲ. ಓಣಿಯಲ್ಲಿ ಚರಂಡಿ ಕೆಲಸಕ್ಕೆ ದಾರಿ ಬಿಡಲೇಬೇಕು. ಅದಕ್ಕೇ ನಮ್ಮ ಪಾತಿಗಳು ಒಂದೇ ಬದಿಗಿವೆ, ಚಪ್ಪರವನ್ನು ಬಿಚ್ಚಿಡಬಹುದು.

ಗೊಬ್ಬರದ ಚಿಂತೆ ಮೈಸೂರಿನಲ್ಲಿ ಅಷ್ಟಿಲ್ಲ. ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕದಲ್ಲಿ ಹಸಿ ಕಸ ಗೊಬ್ಬರವಾಗುವುದನ್ನು ಊರು ಕಂಡಿದೆ. ಮಾಘ, ಫಾಲ್ಗುಣದಲ್ಲಿ ಸಾಲುಮರಗಳು ಎಲೆ ಉದುರಿಸುವಾಗ ರಸ್ತೆ ಬದಿಯಲ್ಲಿ ಬೆಂಕಿ ಹಚ್ಚುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅಡುಗೆಮನೆಯ ಹಸಿ ಕಸ ಒಂದು ಪದರ, ತರಗೆಲೆ ಎರಡು ಪದರ, ಮೇಲೊಂದಿಷ್ಟು ಮಣ್ಣು. ಆಗಾಗ ಮಗುಚಿ, ತೇವ ಆರದಂತೆ ನೋಡಿಕೊಂಡರೆ ಕೆಲವೇ ತಿಂಗಳಲ್ಲಿ ಕಪ್ಪು ಗೊಬ್ಬರ ಕೈಗೆ ಬರುತ್ತದೆ. ಅದಕ್ಕೆ ಮಳೆ ಬಿದ್ದ ನೆಲದ ವಾಸನೆ.

ತೋಟವೆಂದರೆ ಜಗಳವಿಲ್ಲ ಎಂದಲ್ಲ. ಪೂಜೆಗೆಂದು ಬೆಳಗಿನ ಐದಕ್ಕೇ ದಾಸವಾಳವೆಲ್ಲ ಕಿತ್ತವರಿದ್ದಾರೆ. ಎಲೆಗೆ ಹೇನು ಬಿದ್ದಾಗ ಅಂಗಡಿಯ ಔಷಧಿ ಬೇಕೋ ಬೇವಿನೆಣ್ಣೆ ಸಾಕೋ ಎಂದು ಎರಡು ವಾರ ಮಾತು ಬಿಟ್ಟವರಿದ್ದಾರೆ. ಬೇಸಿಗೆಯಲ್ಲಿ ಸಂಪಿನ ನೀರು ಯಾರದು ಎಂಬ ತಕರಾರಂತೂ ಪ್ರತಿ ವರ್ಷದ್ದು. ಆದರೆ ಗಿಡ ಬಾಡುತ್ತಿರುವಾಗ ಮುನಿಸು ಬಹಳ ದಿನ ನಡೆಯುವುದಿಲ್ಲ. ಸರದಿಯವರು ಊರಿಗೆ ಹೋದರೆ ಬೀಗದ ಕೈ ಪಕ್ಕದ ಮನೆಗೆ ಹೋಗುತ್ತದೆ, ನಲ್ಲಿಯ ಪೈಪು ಇನ್ನೊಬ್ಬರ ಕೈಗೆ. ಹಬ್ಬದ ಶುಭಾಶಯ ಹೇಳಿ ಮುಗಿಸುವ ಪರಿಚಯಕ್ಕೂ ಬೀಗದ ಕೈ ಕೊಡುವ ಪರಿಚಯಕ್ಕೂ ಇರುವ ಅಂತರವನ್ನು ನಾವು ದಾಟಿದ್ದು ಈ ಸರದಿಯಿಂದಲೇ.

ಕಳೆದ ವಾರ ಹಿಂದಿನ ಮನೆಯ ಅಜ್ಜಿ ಬದನೆ ಒಟ್ಟಲು ಹಾಕಿದರು. ಬೀಜ ಅವರ ತಂಗಿಯ ಊರಿನದು. ಗೆರೆ ಎಳೆದು, ಬೀಜ ಉದುರಿಸಿ, ಮೇಲೆ ಬೂದಿ ಚೆಲ್ಲಿ, ಹುಲ್ಲು ಮುಚ್ಚಿದ್ದಾರೆ. ನಾಲ್ವತ್ತು ಸಸಿ ಎದ್ದರೆ ಹನ್ನೊಂದು ಮನೆಗೆ ಎಷ್ಟೆಷ್ಟು ಎಂದು ಬಾಡಿಗೆ ಹುಡುಗ ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಭಾಗಿಸಿ ನೋಡಿದ್ದಾನೆ. ಅದರ ಪಕ್ಕದಲ್ಲೇ ಅಜ್ಜಿ ಬರೆದಿದ್ದಾರೆ: ‘ಮನೆ ಹನ್ನೊಂದಲ್ಲ, ಹನ್ನೆರಡು. ಗುಡಿಸುವವರ ಮನೆಯನ್ನೂ ಸೇರಿಸು.’