ಪಾರ್ಟಿ ಇಲ್ದೆ ಕೌನ್ಸಿಲ್‌ಗೆ: ಸ್ಟುಟ್‌ಗಾರ್ಟ್‌ನ ‘ಸ್ಯೋಸ್’ ಗುಂಪಿನ ಬಗ್ಗೆ ನೋಟ್ಸ್

ಜರ್ಮನಿ ರಾಜಕೀಯ ಅಂದ್ರೆ ನಾವು ಓದೋದು ಸಿಡಿಯು, ಎಸ್‌ಪಿಡಿ, ಗ್ರೀನ್ಸ್ ಅನ್ನೋ ದೊಡ್ಡ ಪಾರ್ಟಿಗಳ ಬಗ್ಗೆ ಅಷ್ಟೇ. ಊರಿನ ಮಟ್ಟಕ್ಕೆ ಇಳಿದ್ರೆ ಕಥೆನೇ ಬೇರೆ, ಅಲ್ಲಿ ಪಾರ್ಟಿನೇ ಅಲ್ಲದ ಗುಂಪುಗಳು ಎಲೆಕ್ಷನ್‌ಗೆ ನಿಲ್ತವೆ, ಗೆಲ್ತವೆ. ‘ವೇಲರ್‌ಫೆರೈನಿಗುಂಗ್’ ಅಂತಾರೆ ಇವಕ್ಕೆ, ಮತದಾರರ ಕೂಟ ಅಂದ್ಕೊಳ್ಳಿ. ದಕ್ಷಿಣ ಜರ್ಮನಿಯಲ್ಲಿ ಇಂಥವು ಸುಮಾರು ‘ಫ್ರೈಯೆ ವೇಲರ್’ ಅನ್ನೋ ಹೆಸರಲ್ಲಿ ನಡುವಿಂದ ಸ್ವಲ್ಪ ಬಲಕ್ಕೆ ವಾಲಿರೋವು. ಎಡಕ್ಕೆ ವಾಲಿರೋ ಕೂಟ ನೋಡ್ಬೇಕು ಅಂದ್ರೆ ಸ್ಟುಟ್‌ಗಾರ್ಟ್‌ನ ಸ್ಯೋಸ್ ಒಳ್ಳೆ ಉದಾಹರಣೆ. ‘ಸ್ಟುಟ್‌ಗಾರ್ಟ್ ಓಕೋಲೋಗಿಶ್ ಸೋತ್ಸಿಯಾಲ್’ ಅನ್ನೋದರ ಮೊದಲಕ್ಷರಗಳು ಅದು, ಅಂದ್ರೆ ಪರಿಸರ ಮತ್ತು ಸಾಮಾಜಿಕ ನ್ಯಾಯ ಎರಡೂ ಹೆಸರಲ್ಲೇ ಇದೆ.

ಮೊದಲು ಕಾನೂನು, ಬೇಗ ಮುಗಿಸ್ತೀನಿ. ಜರ್ಮನ್ ಸಂವಿಧಾನದ 28ನೇ ವಿಧಿ ಊರುಗಳಿಗೆ ಸ್ವಯಮಾಡಳಿತ ಕೊಡುತ್ತೆ. ಅದನ್ನೇ ಹಿಡ್ಕೊಂಡು 1960ರಲ್ಲಿ ಸಾಂವಿಧಾನಿಕ ಕೋರ್ಟ್, ಲೋಕಲ್ ಚುನಾವಣೆಗೆ ಅಭ್ಯರ್ಥಿ ಹಾಕೋ ಹಕ್ಕು ಪಾರ್ಟಿಗಳಿಗೆ ಮಾತ್ರ ಅಂತ ಇಡೋಕಾಗಲ್ಲ, ಊರಿನ ಕೂಟಗಳಿಗೂ ಬಿಡಲೇಬೇಕು ಅಂತ ತೀರ್ಪು ಕೊಡ್ತು. ಸಂಸತ್ತಿಗೆ ಇರೋ 5% ಗಡಿ (ಅಷ್ಟು ಓಟು ಬರದಿದ್ರೆ ಪಟ್ಟಿಗೆ ಸೀಟಿಲ್ಲ ಅನ್ನೋದು) ಸ್ಟುಟ್‌ಗಾರ್ಟ್ ಇರೋ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದ ಊರು ಚುನಾವಣೆಗೆ ಇಲ್ಲ. ಸ್ಟುಟ್‌ಗಾರ್ಟ್ ಕೌನ್ಸಿಲ್‌ನಲ್ಲಿ (‘ಗೆಮೈಂಡರಾಟ್’) 60 ಸೀಟು, ನೂರನ್ನ ಅರವತ್ತರಿಂದ ಭಾಗಿಸಿ ನೋಡಿ, 1.67% ಆಸುಪಾಸು ಬಂದ್ರೆ ಒಂದು ಸೀಟು ಕೈಗೆ ಸಿಗುತ್ತೆ. ಕೌನ್ಸಿಲ್‌ನಲ್ಲಿ ಇನ್ನೂ ಇಲ್ಲದ ಹೊಸ ಗುಂಪು ಇಷ್ಟು ದೊಡ್ಡ ಸಿಟೀಲಿ ನಿಲ್ಲೋಕೆ 250 ಸಹಿ ತರಬೇಕು, ಒಂದು ಹಾಲ್‌ನಲ್ಲಿ ಕೂರೋ ಅಷ್ಟು ಜನ.

ಈಗ ನಿಜವಾಗ್ಲೂ ಅರ್ಥ ಮಾಡ್ಕೋಬೇಕಾದ ಭಾಗ, ಬ್ಯಾಲೆಟ್. ಚುನಾವಣೆಗೆ ಮುಂಚೆನೇ ಮನೆಗೆ ಪೋಸ್ಟ್‌ನಲ್ಲಿ ಬ್ಯಾಲೆಟ್ ಕಾಗದದ ಒಂದು ಕಟ್ಟೇ ಬರುತ್ತೆ, ಒಂದೊಂದು ಪಾರ್ಟಿ ಇಲ್ಲಾ ಕೂಟದ ಅಭ್ಯರ್ಥಿ ಪಟ್ಟಿಗೆ ಒಂದೊಂದು ಹಾಳೆ, ಅಡುಗೆಮನೆ ಟೇಬಲ್ ಮೇಲೆ ಹರಡ್ಕೊಂಡು ನಿಧಾನಕ್ಕೆ ತುಂಬಬಹುದು. ಒಬ್ಬ ಮತದಾರನಿಗೆ 60 ಓಟು, ಸೀಟು ಎಷ್ಟೋ ಅಷ್ಟು. ಬೇಡದ ತಲೆನೋವು ಅನ್ನೋರು ಒಂದು ಹಾಳೆ ಹರಿದು ಹಾಗೇ ಹಾಕ್ತಾರೆ, ಆ ಪಟ್ಟಿಯಲ್ಲಿರೋ ಎಲ್ರಿಗೂ ಒಂದೊಂದು ಓಟು ಬೀಳುತ್ತೆ. ಇಲ್ಲಾಂದ್ರೆ ಇಷ್ಟವಾದ ಒಬ್ಬರಿಗೆ ಮೂರರ ತನಕ ಓಟು ಕೊಡಬಹುದು, ಇದು ‘ಕುಮುಲೀರೆನ್’, ಪೇರಿಸೋದು. ಒಂದು ಪಟ್ಟಿಯ ಹಾಳೆಯಲ್ಲಿ ಇನ್ನೊಂದು ಪಟ್ಟಿಯ ಹೆಸರು ಬರೆದು ಓಟು ಕೊಡೋದು ‘ಪನಶೀರೆನ್’, ಬೆರೆಸೋದು. ಒಟ್ಟು ಲೆಕ್ಕ 60 ದಾಟಿದ್ರೆ ಇಡೀ ಬ್ಯಾಲೆಟ್ ಕುಲಗೆಟ್ಟು ಹೋಗುತ್ತೆ, ಅದಕ್ಕೇ ಪೆನ್ಸಿಲ್‌ನಲ್ಲಿ ಕೂಡಿ ನೋಡ್ಕೋಬೇಕು.

ಇದು ಚಿಕ್ಕ ಗುಂಪಿಗೆ ಯಾಕೆ ಜೀವದಾನ ಅಂದ್ರೆ, ಜೀವನಪೂರ್ತಿ ಎಸ್‌ಪಿಡಿಗೆ ಹಾಕ್ಕೊಂಡು ಬಂದೋರು 57 ಓಟು ಅಲ್ಲೇ ಕೊಟ್ಟು, ಮರ ಕಡಿಯೋದರ ವಿರುದ್ಧ ಬೀದಿಗಿಳಿದ ನಮ್ಮ ಏರಿಯಾದ ಆ ಹುಡುಗನಿಗೂ ಇರಲಿ ಅಂತ ಮೂರು ಓಟು ಸ್ಯೋಸ್ ಕಡೆ ಹಾಕಬಹುದು. ಆ ಮೂರೂ ಸ್ಯೋಸ್ ಪಟ್ಟಿಯ ಲೆಕ್ಕಕ್ಕೇ ಹೋಗುತ್ತೆ, ಅಂದ್ರೆ ಪಾರ್ಟಿ ಬಿಡಿಸದೇನೇ ಓಟು ತಗೋಬಹುದು. ಪಟ್ಟಿಯಲ್ಲಿ ಮೇಲೆ ಇದ್ದವರೇ ಗೆಲ್ತಾರೆ ಅಂತನೂ ಇಲ್ಲ, ಯಾರಿಗೆ ಜಾಸ್ತಿ ಓಟು ಬಿತ್ತೋ ಅವರು ಮುಂದೆ ಬರ್ತಾರೆ. ನನ್ನ ಪ್ರಕಾರ ಸ್ಯೋಸ್ ಉಳ್ಕೊಂಡಿದ್ದಕ್ಕೆ ಸಿದ್ಧಾಂತಕ್ಕಿಂತ ದೊಡ್ಡ ಕಾರಣ ಈ ಹಾಳೆ ಕಟ್ಟು.

ಇನ್ನೊಂದು ಕಾರಣ ರೈಲ್ವೆ ಸ್ಟೇಷನ್. ಸ್ಟುಟ್‌ಗಾರ್ಟ್ 21 ಅಂತ 1994ರಲ್ಲಿ ಘೋಷಣೆ ಆದ ಪ್ಲಾನ್, ನೆಲದ ಮೇಲಿರೋ ಮುಖ್ಯ ಸ್ಟೇಷನ್ನನ್ನ ನೆಲದಡಿಗೆ ಇಳಿಸೋದು. ಅದನ್ನ ವಿರೋಧಿಸಿದವರಲ್ಲಿ ಹಳೇ ಮುಖ ಗಾಂಗೋಲ್ಫ್ ಸ್ಟಾಕರ್, ಸ್ಯೋಸ್ ಕಟ್ಟಿದವರಲ್ಲೂ ಅವರೇ ಮುಂದು. 2004ರಲ್ಲಿ ಸ್ಯೋಸ್ ಮೊದಲ ಸಲ ಕೌನ್ಸಿಲ್‌ಗೆ ಬಂತು. 2007ರಲ್ಲಿ ವಿರೋಧಿಗಳು ಜನಮತಕ್ಕೆ ಹಾಕಿ ಅಂತ ಸಹಿ ಸಂಗ್ರಹ ಮಾಡಿದ್ರು, ಬೇಕಾಗಿದ್ದು 20,000, ಬಂದಿದ್ದು ಸುಮಾರು 67,000. ಕೌನ್ಸಿಲ್ ಅದನ್ನ ಡಿಸೆಂಬರ್‌ನಲ್ಲಿ ತಳ್ಳಿಹಾಕ್ತು, ಒಪ್ಪಂದಕ್ಕೆ ಆಗಲೇ ಸಹಿ ಬಿದ್ದಿದೆ ಅನ್ನೋದು ವಾದ. ಓದುವಾಗ ನನಗೆ ತುಂಬಾ ಬೇಜಾರಾದ ಜಾಗ ಇದು, ಬೇಕಾದ್ದಕ್ಕಿಂತ ಮೂರು ಪಟ್ಟು ಜನ ಸಹಿ ಹಾಕಿ ಕೇಳಿದ್ದು ಓಟು ಹಾಕೋ ಅವಕಾಶ ಅಷ್ಟೇ. 2009ರ ಚುನಾವಣೆಯಲ್ಲಿ ಇದರ ಬಿಸಿ ತಟ್ಟಿತು, ಗ್ರೀನ್ಸ್ ಕೌನ್ಸಿಲ್‌ನಲ್ಲಿ ಎಲ್ಲರಿಗಿಂತ ದೊಡ್ಡ ಪಕ್ಷ ಆಯ್ತು, ಸ್ಯೋಸ್‌ಗೆ 3 ಸೀಟು ಬಂತು.

ಮೂರು ಸೀಟಲ್ಲಿ ಏನ್ ಮಾಡ್ತಾರೆ ಅಂತ ಕೇಳಬಹುದು. ಇಲ್ಲೇ ‘ಫ್ರಾಕ್ಟ್ಸಿಯೋನ್’ ಅನ್ನೋ ಪದ ನೆನಪಿಟ್ಕೊಳ್ಳಿ, ಕೌನ್ಸಿಲ್ ಒಳಗಿನ ಅಧಿಕೃತ ಬಣ. ಒಬ್ಬೊಬ್ಬರೇ ಸದಸ್ಯರು ಪ್ರಶ್ನೆ ಕೇಳಬಹುದು, ಆದ್ರೆ ಒಂದು ವಿಷಯನ ಅಜೆಂಡಾಗೆ ಹಾಕ್ಸಬೇಕು ಅಂದ್ರೆ ಕೌನ್ಸಿಲ್‌ನ ಆರನೇ ಒಂದು ಭಾಗ ಸೇರಬೇಕು ಇಲ್ಲಾ ಫ್ರಾಕ್ಟ್ಸಿಯೋನ್ ಆಗಿರಬೇಕು, ಈಗಿನ ರಾಜ್ಯ ಕಾನೂನು ಹಾಗಿದೆ. ಅದಕ್ಕೇ ಸ್ಯೋಸ್ ಯಾವಾಗ್ಲೂ ಜೊತೆಗಾರರನ್ನ ಹುಡುಕುತ್ತೆ. 2009ರಲ್ಲಿ ಎಡಪಕ್ಷ ‘ದೀ ಲಿಂಕೆ’ ಜೊತೆ ಒಂದೇ ಬಣ ಮಾಡ್ಕೊಂಡ್ರು, 2019ರ ಬಣದಲ್ಲಂತೂ ಲಿಂಕೆ, ಸ್ಯೋಸ್, ಪೈರೇಟ್ ಪಾರ್ಟಿ, ಪ್ರಾಣಿ ರಕ್ಷಣೆ ಪಕ್ಷ ಎಲ್ಲಾ ಒಟ್ಟಿಗೆ. ಹೆಸರು ಬೇರೆ ಬೇರೆ, ಕೂರೋ ಬೆಂಚು ಒಂದೇ. ಸದಸ್ಯರಿಗೆ ಇದು ಗೌರವ ಹುದ್ದೆ, ಹೊಟ್ಟೆಪಾಡಿಗೆ ಬೇರೆ ಕೆಲಸ ಇರುತ್ತೆ, ಕಂತೆಗಟ್ಟಲೆ ಪೇಪರ್ ಓದೋದನ್ನ ಹಂಚ್ಕೊಳ್ಳೋಕೂ ಬಣ ಬೇಕೇ ಬೇಕು.

ಒಳಗೆ ಸೀಟಿದ್ದಿದ್ದಕ್ಕೆ ಹೊರಗಿನ ಚಳವಳಿಗೂ ಬಲ ಬಂತು. 2010ರ ಸೆಪ್ಟೆಂಬರ್ 30ಕ್ಕೆ ಸ್ಟೇಷನ್ ಪಕ್ಕದ ಪಾರ್ಕಿನಲ್ಲಿ ಪ್ರತಿಭಟನೆಗೆ ಸೇರಿದವರ ಮೇಲೆ ಪೊಲೀಸರು ವಾಟರ್ ಕ್ಯಾನನ್ ಬಿಟ್ಟು ತುಂಬಾ ಜನಕ್ಕೆ ಗಾಯ ಆದ ಮೇಲೆ ಸಿಡಿಯುನ ಹಿರಿಯ ರಾಜಕಾರಣಿ ಹೈನರ್ ಗೈಸ್ಲರ್ ಮಧ್ಯಸ್ಥಿಕೆ ವಹಿಸಿದ್ರು, ಟಿವಿಯಲ್ಲಿ ಲೈವ್, ಆ ಟೇಬಲ್ ಮುಂದೆ ವಿರೋಧಿಗಳ ಪರ ಕೂತವರಲ್ಲಿ ಸ್ಯೋಸ್‌ನ ಹಾನ್ನೆಸ್ ರೋಕೆನ್‌ಬೌಖ್ ಒಬ್ಬರು, ಆಗ 30 ವಯಸ್ಸು. ಆದ್ರೆ 2011ರ ನವೆಂಬರ್ 27ರ ರಾಜ್ಯ ಜನಮತದಲ್ಲಿ ಸುಮಾರು 59% ಜನ ಪ್ರಾಜೆಕ್ಟ್‌ನಿಂದ ಹಿಂದೆ ಸರಿಯೋದು ಬೇಡ ಅಂದ್ರು, ಸಿಟಿಯೊಳಗೂ ಬಹುಮತ ಹಾಗೇ ಬಂತು. ಪ್ರಾಜೆಕ್ಟ್ ಖರ್ಚಿಗೆ 2009ರಲ್ಲಿ 4.5 ಬಿಲಿಯನ್ ಯೂರೋ ಮಿತಿ ಅಂದಿದ್ದು ಈಗ 11 ಬಿಲಿಯನ್ ದಾಟಿದೆ, ಖರ್ಚು ಮಿತಿ ಮೀರುತ್ತೆ ಅಂತ ವಿರೋಧಿಗಳು ಹೇಳ್ತಿದ್ದಿದ್ದು ಸರಿ ಇತ್ತು.

ಮೇಯರ್ ಚುನಾವಣೆ ಬೇರೆ ಆಟ, ನೇರ ಆಯ್ಕೆ, 8 ವರ್ಷ, ಇಲ್ಲಿ ಪೇರಿಸೋದೂ ಇಲ್ಲ ಬೆರೆಸೋದೂ ಇಲ್ಲ. 2020ರಲ್ಲಿ ರೋಕೆನ್‌ಬೌಖ್ ಮೊದಲ ಸುತ್ತಲ್ಲಿ 14% ತಗೊಂಡ್ರು. ಎರಡನೇ ಸುತ್ತಿಗೆ ಗ್ರೀನ್ಸ್ ಅಭ್ಯರ್ಥಿ ಹಿಂದೆ ಸರಿದ್ರು, ಯುವ ಅಭ್ಯರ್ಥಿ ಮರಿಯನ್ ಶ್ರೈಯರ್ ಮತ್ತು ರೋಕೆನ್‌ಬೌಖ್ ಇಬ್ಬರೂ ಕಣದಲ್ಲೇ ಉಳಿದ್ರು. ಆಗಿನ ನಿಯಮದಲ್ಲಿ ಎರಡನೇ ಸುತ್ತಿಗೆ ಅರ್ಧಕ್ಕಿಂತ ಜಾಸ್ತಿ ಬೇಕಿರಲಿಲ್ಲ, ಸಿಡಿಯುನ ಫ್ರಾಂಕ್ ನೊಪರ್ 42.3%ಗೇ ಗೆದ್ರು. ಓಟು ಒಡೆದಿದ್ದು ಸ್ಯೋಸ್ ಅಂತ ದೂರಿದವರಿದ್ದಾರೆ. ನಾನು ಅದನ್ನ ಪೂರ್ತಿ ಒಪ್ಪಲ್ಲ, 14% ಜನ ನಂಬಿ ಓಟು ಹಾಕಿದ ಮೇಲೆ ಅವರ ಕಡೆಯಿಂದ ನಿಲ್ಲೋದೂ ಒಂದು ಜವಾಬ್ದಾರಿ, ಆದ್ರೂ ಮಾತುಕತೆ ಕುದುರಿದ್ದಿದ್ರೆ ಫಲಿತಾಂಶ ಬೇರೆ ಆಗ್ತಿತ್ತೇನೋ.

ಕೊನೆಗೆ ಓಟು ಯಾರಿಗೆ ಅನ್ನೋದು. 16 ತುಂಬಿದ ಜರ್ಮನ್ ಪ್ರಜೆಗಳು, ಜೊತೆಗೆ ಅಲ್ಲೇ ವಾಸ ಇರೋ ಯುರೋಪಿಯನ್ ಯೂನಿಯನ್ ದೇಶದವರು. ಬೆಂಗಳೂರಿಂದ ಬಾಷ್‌ಗೋ ಮರ್ಸಿಡಿಸ್‌ಗೋ ಅಂತ ಸ್ಟುಟ್‌ಗಾರ್ಟ್‌ಗೆ ಹೋದ ನಮ್ಮವರು ಅಲ್ಲಿ ಹತ್ತು ವರ್ಷ ಬಾಡಿಗೆ ಕಟ್ಟಿದ್ರೂ, ಅಲ್ಲಿನ ಪಾಸ್‌ಪೋರ್ಟ್ ತಗೊಳ್ಳೋ ತನಕ ಅವರ ಪೋಸ್ಟ್ ಡಬ್ಬಿಗೆ ಆ ಹಾಳೆ ಕಟ್ಟು ಬರಲ್ಲ. ಪಕ್ಕದ ಮನೆಗೆ ಹೋದ ತಿಂಗಳು ಬಂದ ಇಟಲಿಯವರಿಗೆ ಮೂರು ತಿಂಗಳ ವಾಸ ಆದ್ರೆ ಸಾಕು.